ಮಗುವಿಗೆ ಲಸಿಕೆ, ತಾಯಿಗೆ ಬಿಪಿ: ನನ್ನ ಅನುಭವ

30 ವರ್ಷ ಆಗದ ಹೆಂಗಸರ ಬಿಪಿ ನೋಡಿ ಎಂತ ಮಾಡ್ಲಿಕ್ಕುಂಟು ಅಂತ ನಮ್ಮವರೇ ನಗ್ತಿದ್ರು. ಎನ್‌ಸಿಡಿ, ಅಂದ್ರೆ ಬಿಪಿ-ಶುಗರಿನಂಥ ಅಂಟದ ಕಾಯಿಲೆಗಳ ಸ್ಕ್ರೀನಿಂಗ್ ಶುರುವಾಗುದೇ 30ರಿಂದ, ಅದಕ್ಕಿಂತ ಸಣ್ಣವರು ಆ ಲಿಸ್ಟಲ್ಲಿ ಬರುದೇ ಇಲ್ಲ. ಬಸಿರಲ್ಲಿ ಬಿಪಿ ಏರಿ ಪ್ರೀಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಚಾನ್ಸ್ ಹೆಚ್ಚುಕಮ್ಮಿ ಡಬಲ್ ಅಂತ ನಮಗೆಲ್ಲ ಗೊತ್ತುಂಟು, ಆದ್ರೆ ಹೆರಿಗೆ ಮುಗಿದ ಮೇಲೆ ಅವರ ತೋಳಿಗೆ ಯಾರೂ ಬಿಪಿ ಪಟ್ಟಿ ಕಟ್ಟುದಿಲ್ಲ.

ನಾನು ಸಿಸ್ಟರ್, ಉಡುಪಿಯ ಕಾಪು ಕಡೆ ನನ್ನ ಸಬ್‌ಸೆಂಟರ್, ಅಂದ್ರೆ ಸಣ್ಣ ಸರ್ಕಾರಿ ಆರೋಗ್ಯ ಕೇಂದ್ರ. ಮೊದ್ಲು ಭಾನುವಾರ ಕ್ಯಾಂಪ್ ಇಟ್ಟೆ, ಶಾಮಿಯಾನ, ಚಾ, ಬಿಸ್ಕೂಟು ಎಲ್ಲ ಸೇರಿ ಕೈಯಿಂದ ಎರಡು ಸಾವಿರ ಚಿಲ್ಲರೆ ಹೋಯ್ತು, ಬಂದದ್ದು ಪೂರ್ತಿ ಅಜ್ಜಂದಿರು! ಮನೆಮನೆಗೆ ಹೋದ್ರೆ "ಬಿಪಿ ಅತ್ತೆಗೆ ಇರುದು ಸಿಸ್ಟರೇ, ನಂಗೆಂತ" ಅಂತ ಬೀಡಿ ಕಟ್ಟುವ ತಡ್ಪೆಯಿಂದ (ಮೊರದಿಂದ) ತಲೆ ಎತ್ತದೆ ಹೇಳ್ತಾರೆ.

ಆಮೇಲೆ ಹಿಡಿದದ್ದು ಲಸಿಕೆ ದಿನ. ತನಗೆ ಅಂತ ಬಾರದವಳು ಮಗುವಿಗೆ ಅಂದ್ರೆ ಜಡಿಮಳೆಯಲ್ಲೂ ರಿಕ್ಷಾ ಮಾಡಿ ಬರ್ತಾಳೆ. ಒಂದೂವರೆ ತಿಂಗಳು, ಎರಡೂವರೆ, ಮೂರೂವರೆ, ಇದ್ರಲ್ಲಿ ಮೂರೂವರೆದ್ದೇ ಮುಖ್ಯ ಮಾರಾಯ್ರೆ. ಹೆರಿಗೆಯಾಗಿ 12 ವಾರ ಕಳೆದ ಮೇಲೂ 140/90ರಿಂದ ಕೆಳಗೆ ಬರ್ಲಿಲ್ಲ ಅಂದ್ರೆ ಅದು ಬರೀ ಬಸಿರಿನ ಬಿಪಿ ಅಲ್ಲ, ನಿಂತುಬಿಟ್ಟದ್ದು, ಆ ಲಸಿಕೆ ಸರಿಯಾಗಿ 14ನೇ ವಾರಕ್ಕೆ ಬರ್ತದೆ. ಅಲ್ಲಿ ತಪ್ಪಿದ್ರೆ ಅವಳು ತವರು ಬಿಟ್ಟು ಗಂಡನ ಜೊತೆ ಮುಂಬೈಗೋ ದುಬೈಗೋ ಹೋದಳು, ಮತ್ತೆ ಸಿಗುದು ಎರಡನೇ ಬಸಿರಲ್ಲಿ.

ಶುರುವಿಗೆ ರೀಡಿಂಗೆಲ್ಲ 150, 160. ಮಡಿಲಲ್ಲಿ ಮಗು ಕಿರುಚ್ತಾ ಇದ್ರೆ ಬಾರದೆ ಇರ್ತದಾ? ಈಗ ಚುಚ್ಚುವ ಮೊದ್ಲೇ ನೋಡುದು, ಮಗು ಅಜ್ಜಿ ಕೈಗೆ, ಇವಳು ಬೆನ್ನು ಒರಗಿಸಿ ಕಾಲು ನೆಲಕ್ಕೆ ಊರಿ ಐದು ನಿಮಿಷ ಬಾಯಿ ಮುಚ್ಚಿ ಕೂರ್ಬೇಕು. ಹೇಗೆ ಬಾಯಿ ಮುಚ್ಚಿಸುದು ಅನ್ನುವ ಗುಟ್ಟು ನನ್ನ ಹತ್ರವೇ ಇರ್ಲಿ. ಮತ್ತೆ ಕಫ್, ಅಂದ್ರೆ ತೋಳಿಗೆ ಸುತ್ತುವ ಆ ಪಟ್ಟಿ. ದಪ್ಪ ತೋಳಿಗೆ ಮಾಮೂಲಿ ಕಫ್ ಸುತ್ತಿದ್ರೆ ಸುಮ್ಮನೆ ಹೆಚ್ಚು ತೋರಿಸ್ತದೆ. ದೊಡ್ಡದು ಬೇಕು ಅಂತ ಇಲಾಖೆಗೆ ಇಂಡೆಂಟ್ ಹಾಕಿ ಕಾದು ಸಾಕಾಗಿ ನಾನೇ ತಂದೆ, ಏಳ್ನೂರೋ ಎಂಟ್ನೂರೋ, ಆಮೇಲೆ ಅರ್ಧದಷ್ಟು ಬಿಪಿ ಮಾಯ.

ನಡುವೆ ಉಪ್ಪಿನದ್ದೂ ಒಂದು ನೋಡಿದೆ. ಪ್ಯಾಕೆಟ್ ಒಡೆದ ತಾರೀಕು ಅದ್ರ ಮೇಲೇ ಬರೀರಿ ಅಂದೆ. ನಾಲ್ಕು ಜನರ ಮನೆಯಲ್ಲಿ ಒಂದು ಕಿಲೋ ತಿಂಗಳಲ್ಲಿ ಖಾಲಿ, ಅಂದ್ರೆ ತಲೆಗೆ ದಿನಕ್ಕೆ 8 ಗ್ರಾಂ. ಮೀನು ತೊಳೆಯುವ ಉಪ್ಪು ಕಳೆದ್ರೂ ಡಬ್ಲ್ಯುಎಚ್‌ಒ ಹೇಳುವ 5 ಗ್ರಾಂ ದಾಟ್ತದೆ, ಗಂಜಿಗೆ ಒಣಮೀನು ಉಪ್ಪಿನಕಾಯಿ ಬೇರೆ. ಸೈಂಧವ ಉಪ್ಪಾದ್ರೆ ಆಗ್ತದಲ್ಲಾ ಅಂತ ಕೇಳ್ತಾರೆ, ಅದೂ ಸೋಡಿಯಂ ಕ್ಲೋರೈಡೇ.

ಒಂದೂವರೆ ವರ್ಷದಲ್ಲಿ ಸುಮಾರು ನೂರೈವತ್ತು ತಾಯಂದಿರನ್ನ ನೋಡಿರಬಹುದು. ಬೇರೆ ದಿನ ಕರೆಸಿ ನೋಡಿದಾಗಲೂ ಇಳಿಯದವರು ಏಳೆಂಟು ಜನ, ಒಬ್ಬಳಿಗಂತೂ ಮೂಲವೇ ಕಿಡ್ನಿಯಲ್ಲಿ ಅಂತ ಮಣಿಪಾಲದಲ್ಲಿ ಗೊತ್ತಾಯ್ತು. ಈಗ ತಾಯಿ ಕಾರ್ಡಲ್ಲಿ ಬಸಿರಿನ ಬಿಪಿ ಬರೆದಿದ್ರೆ ಆ ಪುಟಕ್ಕೆ ಕೆಂಪು ಪೆನ್ನು ಹಾಕಿ ಫೋಟೋ ಅವಳ ಮೊಬೈಲಿಗೇ ತೆಗೆಸ್ತೇನೆ, ಕೆಳಗೆ ಎರಡನೇ ಮಗು ಬೇಕಾದ್ರೆ ಮೊದ್ಲೇ ಡಾಕ್ಟ್ರಿಗೆ ಹೇಳು ಅಂತ ಬರೀತೇನೆ, ಬಿಪಿಯ ಕೆಲವು ಮಾತ್ರೆ ಬಸಿರಲ್ಲಿ ಆಗುದಿಲ್ಲ ಅಲ್ವಾ.