ಆಫೀಸಿನಲ್ಲಿ ವ್ಯಾಯಾಮ, ಊಟ: ನಾನು ಮಾಡಿದ್ದು ಹೀಗೆ

ಸಿಬ್ಬಂದಿಯ ಆರೋಗ್ಯ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಾಗ ಎಲ್ಲರೂ ಕೊಟ್ಟ ಸಲಹೆ ಒಂದೇ: ಹೆಜ್ಜೆ ಎಣಿಸುವ ಸ್ಪರ್ಧೆ ಇಡಿ. ದಿನಕ್ಕೆ 10,000 ಹೆಜ್ಜೆ, ಗೆದ್ದವರಿಗೆ ಬಹುಮಾನ. ನಾನು ಒಪ್ಪಲಿಲ್ಲ. ಈ 10,000 ಅನ್ನೋದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹಬ್ಬಿದ ಲೆಕ್ಕ. ಅದಿರಲಿ, ಇಂಥ ಸ್ಪರ್ಧೆಗೆ ಹೆಸರು ಕೊಡುವವರು ಮೊದಲೇ ನಡೆಯುವವರು. ಮೊಣಕಾಲು ನೋವಿರುವವರು ಪಟ್ಟಿಯ ಕೊನೆಯಲ್ಲಿ ತಮ್ಮ ಹೆಸರು ನೋಡಿ ಸುಮ್ಮನಾಗುತ್ತಾರೆ, ಅಷ್ಟೇ.

ನಾನು ಹಿಡಿದದ್ದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ, ಬಿರುಸಾಗಿ ನಡೆದಷ್ಟು ಶ್ರಮ ಸಾಕು. ಒಂದೇ ಸಲ 10 ನಿಮಿಷವಾದರೂ ಮಾಡಬೇಕು ಅನ್ನುವ ಹಳೆಯ ಷರತ್ತನ್ನು 2020ರ ಮಾರ್ಗಸೂಚಿಯಲ್ಲಿ ಅವರೇ ಕೈಬಿಟ್ಟರು. ಅಂದರೆ ಸಿಕ್ಕಷ್ಟು ಹೊತ್ತನ್ನು ಕೂಡಿಸಿಕೊಳ್ಳಬಹುದು.

ಆ ಹೊತ್ತು ಸಿಕ್ಕಿದ್ದು ಮೀಟಿಂಗುಗಳಲ್ಲಿ. ಒಂದು ಗಂಟೆಯ ಮೀಟಿಂಗನ್ನು 50 ನಿಮಿಷಕ್ಕೆ ಇಳಿಸಿ, ಕ್ಯಾಲೆಂಡರಿನಲ್ಲೇ ಹಾಗೆ ಕೂರಿಸಿದೆವು. ಇಬ್ಬರೇ ಮಾತಾಡುವುದಿದ್ದರೆ ನಡೆಯುತ್ತಾ ಮಾತಾಡಿ ಅಂದೆವು. ಆದರೂ ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ. ಮ್ಯಾನೇಜರ್ ಕೂತಿರುವಾಗ ನಾವು ಎದ್ದು ಹೋದರೆ ಕೆಲಸಗಳ್ಳರು ಅಂದುಕೊಳ್ಳುವುದಿಲ್ವಾ ಅನ್ನುವ ಅಳುಕು. ನ್ಯಾಯವಾದ ಅಳುಕೇ. ಅದಕ್ಕೆ ಮ್ಯಾನೇಜರುಗಳ ಬೆನ್ನು ಹತ್ತಿದೆ. ಊಟ ಆದ ಮೇಲೆ ನೀವು ಹೊರಗೆ ಹೋಗಿ, ಎಲ್ಲರಿಗೂ ಕಾಣುವ ಹಾಗೆ ಹೋಗಿ ಅಂತ ಕೇಳಿಕೊಂಡೆ. ನಿಧಾನಕ್ಕೆ ಅವರ ಹಿಂದೆ ಇಬ್ಬರು ಮೂವರು ಹೊರಟರು. ಇದೊಂದು ಮಾಡಿದ ಕೆಲಸವನ್ನು ಎಷ್ಟು ಪೋಸ್ಟರ್ ಅಂಟಿಸಿದರೂ ಮಾಡುತ್ತಿರಲಿಲ್ಲ.

ತಿನ್ನುವ ವಿಷಯದಲ್ಲಿ ಯಾರಿಗೂ ಪಾಠ ಹೇಳಲಿಲ್ಲ. ಹಣ್ಣನ್ನು ತೊಳೆದು, ಹೆಚ್ಚಿ ಇಡಿಸಿದೆವು. ಇಡೀ ಹಣ್ಣು ಇಟ್ಟರೆ ಬುಟ್ಟಿಯಲ್ಲೇ ಬಾಡುತ್ತದೆ. ಕೈ ಅಂಟಾಗುತ್ತೆ, ಸಿಪ್ಪೆ ಎಲ್ಲಿ ಹಾಕೋದು ಅನ್ನುವ ರಗಳೆ ಯಾರಿಗೆ ಬೇಕು? ಬಿಸ್ಕತ್ತನ್ನು ನಿಲ್ಲಿಸಲಿಲ್ಲ, ಮೇಜಿನಿಂದ ಬೀರುವಿಗೆ ಸರಿಸಿದೆವು. ಬೇಕಾದವರು ತೆಗೆದುಕೊಳ್ಳಲಿ. ಕಣ್ಣೆದುರು ಇಲ್ಲದಿದ್ದರೆ ಕೈ ಹೋಗುವುದು ಕಡಿಮೆ. ಕಾಫಿ, ಟೀಗೆ ಸಕ್ಕರೆ ಬೆರೆಸದೆ ಪಕ್ಕದಲ್ಲಿ ಇಟ್ಟೆವು. ಹುಟ್ಟುಹಬ್ಬದ ಕೇಕಿನ ತಂಟೆಗೆ ಮಾತ್ರ ಹೋಗಲಿಲ್ಲ!

ತೂಕ ನೋಡುವ ಯಂತ್ರ ತರಿಸೋಣ ಅಂತಲೂ ಒಬ್ಬರು ಹೇಳಿದರು. ಖಡಾಖಂಡಿತವಾಗಿ ಬೇಡ ಅಂದೆ. ಯಾರ ತೂಕ ಎಷ್ಟು ಅನ್ನೋದು ಆಫೀಸಿಗೆ ಸಂಬಂಧಪಟ್ಟದ್ದಲ್ಲ. ಒಬ್ಬರ ತಟ್ಟೆ ನೋಡಿ ಇನ್ನೊಬ್ಬರು ಟೀಕೆ ಮಾಡಲು ಶುರು ಮಾಡಿದರೆ ಮುಂದೆ ಯಾರೂ ಹತ್ತಿರ ಬರುವುದಿಲ್ಲ.

ಇನ್ನೂ ಕಷ್ಟವಾಗಿರುವುದು ರಾತ್ರಿ ಪಾಳಿ. ಆ ಹೊತ್ತಿಗೆ ಕ್ಯಾಂಟೀನ್ ಮುಚ್ಚಿರುತ್ತದೆ, ಕೈಗೆ ಸಿಗುವುದು ಪ್ಯಾಕೆಟ್ ತಿಂಡಿ ಮಾತ್ರ. ಸದ್ಯಕ್ಕೆ ಕ್ಯಾಂಟೀನಿನವರು ಹೋಗುವ ಮುಂಚೆ ರಾತ್ರಿ ಪಾಳಿಯವರ ಪಾಲಿನ ಊಟ, ಹೆಚ್ಚಿದ ಹಣ್ಣು ಎರಡನ್ನೂ ಫ್ರಿಜ್ಜಿನಲ್ಲಿ ಇಡಿಸುತ್ತಿದ್ದೇನೆ.