ನೋವಿನ ಮಾತ್ರೆ ಬಿಟ್ಟ ಮೇಲೆ ಇಳಿದ ಅರೆತಲೆನೋವು

ನೋವಿನ ಮಾತ್ರೆ ನಿಲ್ಲಿಸಿದ್ದರಿಂದಲೇ ನನ್ನ ಮೈಗ್ರೇನ್ ಇಳಿಯಿತೆಂದರೆ ಮನೆಯವರೂ ನಂಬಲಿಲ್ಲ, ವರ್ಷಗಟ್ಟಲೆ ನನ್ನಂತೆಯೇ ನರಳಿದ ಸಹೋದ್ಯೋಗಿಗಳೂ ನಂಬಲಿಲ್ಲ. ಹೆಚ್ಚುಕಡಿಮೆ ಒಂದೂವರೆ ವರ್ಷದಿಂದ ತಿಂಗಳಿಗೆ ಎರಡು ಮೂರು ಸಲಕ್ಕಿಂತ ಹೆಚ್ಚು ಬಾರದಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ಹೋದ ಹಣ ಸಣ್ಣದಲ್ಲ. ಪಿತ್ತವೆಂದು ಕಷಾಯ ಕುಡಿದೆ, ಸೈನಸ್ ಎಂದು ಎಕ್ಸ್‌ರೇ ತೆಗೆಸಿದೆ, ದೃಷ್ಟಿದೋಷವೆಂದು ಕನ್ನಡಕ ಬದಲಿಸಿದೆ. ಸುಮಾರು 8,000 ರೂಪಾಯಿ ಕೊಟ್ಟು ಮಾಡಿಸಿದ ಎಂಆರ್‌ಐಯಲ್ಲಿ ಏನೂ ಕಾಣಲಿಲ್ಲ. ಹಣೆಯ ಮೇಲೆ ಎಣ್ಣೆ ಸುರಿಸುವ ಶಿರೋಧಾರೆಗೆ 12,000ದಷ್ಟಾಯಿತು, ಮಲಗಿದಷ್ಟು ಹೊತ್ತು ಹಿತವಾಗಿತ್ತು, ಮರುವಾರವೇ ನೋವು ಮರಳಿತು. ಇಷ್ಟರ ನಡುವೆ ಮೆಡಿಕಲ್ ಶಾಪಿನಿಂದ ತಂದ, ಎರ್ಗೋಟಮಿನ್ ಎಂಬ ಅರೆತಲೆನೋವಿನ ಔಷಧವೂ ಕೆಫೀನೂ ಬೆರೆತ ಮಾತ್ರೆ ವಾರದಲ್ಲಿ ನಾಲ್ಕೈದು ದಿನ ಹೊಟ್ಟೆ ಸೇರುತ್ತಿತ್ತು.

ಮಾತ್ರೆ ನುಂಗಿದ ದಿನಗಳನ್ನೆಲ್ಲ ಗುರುತು ಹಾಕಿದ ಕ್ಯಾಲೆಂಡರನ್ನು ನರರೋಗ ತಜ್ಞರ ಮುಂದಿಟ್ಟಾಗ ಕಾರಣ ಬಯಲಾಯಿತು. ಇಂಥ ಮಿಶ್ರ ಮಾತ್ರೆಯನ್ನು ತಿಂಗಳಲ್ಲಿ 10 ದಿನ, ಬರೀ ಪ್ಯಾರಸಿಟಮಾಲ್ ಆದರೆ 15 ದಿನ ಅಥವಾ ಅದಕ್ಕೂ ಹೆಚ್ಚು, ಮೂರು ತಿಂಗಳು ಮೀರಿ ನುಂಗುತ್ತಾ ಹೋದರೆ ಆ ಮಾತ್ರೆಯೇ ತಲೆನೋವನ್ನು ಸಾಕತೊಡಗುತ್ತದೆ. ಅವರ ನಿಗಾದಲ್ಲಿ ಅದನ್ನು ಪೂರ್ತಿ ಬಿಟ್ಟು, ಅರೆತಲೆನೋವು ಬರದಂತೆ ತಡೆಯಲು ದಿನವೂ ನುಂಗುವ ಪ್ರೊಪ್ರನೊಲಾಲ್ ಶುರುಮಾಡಿದೆ; ಉಬ್ಬಸವಿದ್ದವರಿಗೆ ಅದು ಆಗದು, ನನಗೆ ಉಬ್ಬಸವಿರಲಿಲ್ಲ. ಮೊದಲ ವಾರ ನೋವು ಇಮ್ಮಡಿಸಿತು, ವಾಂತಿಯೂ ಆಯಿತು. ಹಲವರು ಸೋಲುವುದು ಇಲ್ಲಿಯೇ, ನಾನು ಸೋಲಲಿಲ್ಲ. ಪ್ರೊಪ್ರನೊಲಾಲ್‌ನ ಗುಣ ಕಂಡದ್ದು ಎರಡು ತಿಂಗಳ ಸುಮಾರಿಗೆ.

ಈಗ ತಿಂಗಳಿಗೆ ಆ ಎರಡು ಮೂರು ಸಲ ಮಾತ್ರ, ನೋವಿನ ಮುನ್ಸೂಚನೆಯಾಗಿ ಆಕಳಿಕೆ ಶುರುವಾಗಿ ಕತ್ತು ಬಿಗಿದ ಕೂಡಲೇ, ವೈದ್ಯರು ಹೇಳಿದ ಪ್ರಮಾಣದಲ್ಲಿ ನ್ಯಾಪ್ರೊಕ್ಸೆನ್ ಎಂಬ ಬೇರೆ ನೋವಿನ ಮಾತ್ರೆಯ ಜೊತೆ, ವಾಂತಿ ತಡೆದು ಹೊಟ್ಟೆಯ ಚಲನೆ ಚುರುಕಾಗಿಸುವ ಡೊಂಪೆರಿಡೋನ್ ತೆಗೆದುಕೊಳ್ಳುತ್ತೇನೆ. ನೋವು ಏರಿದ ಮೇಲೆ ಹೊಟ್ಟೆಯ ಚಲನೆಯೇ ನಿಧಾನವಾಗಿ ಮಾತ್ರೆ ಬೇಗ ರಕ್ತ ಸೇರುವುದಿಲ್ಲವಾದ್ದರಿಂದ, ಜೋರಾಗಲಿ ನೋಡೋಣ ಎಂದು ಕಾಯುವುದು ವ್ಯರ್ಥ.

ಇದರ ಜೊತೆಗೆ ಬೇರೆ ಪ್ರಯೋಗಗಳೂ ನಡೆದವು. ಭಾನುವಾರ ತಡವಾಗಿ ಎದ್ದು ಕಾಫಿ ತಡವಾದಾಗಲೆಲ್ಲ ನೋವು ಬರುತ್ತಿತ್ತು. ದಿನಕ್ಕೆ ಎರಡೇ ಲೋಟ, ರಜೆಯಲ್ಲೂ ಅದೇ ಹೊತ್ತಿಗೆ ಎಂದು ಕಟ್ಟುಮಾಡಿದ ಮೇಲೆ ಆ ಕಾಟ ತಪ್ಪಿತು. ಹಸಿವು ನೋವನ್ನು ಕೆರಳಿಸದಿರಲೆಂದು ಏಕಾದಶಿಗೆ ನಿರಾಹಾರ ಬಿಟ್ಟು ಅವಲಕ್ಕಿ, ಬಾಳೆಹಣ್ಣು ತಿನ್ನುತ್ತೇನೆ. ಊದುಬತ್ತಿ ನಿಲ್ಲಿಸಿ ನೋಡಿದೆ, ನನ್ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೆಗ್ನೀಷಿಯಂಗೆ ತಿಂಗಳಿಗೆ 500 ರೂಪಾಯಿ ಸುರಿದೆ. ಭೇದಿಯ ಹೊರತು ಬೇರೇನೂ ಆಗದೆ ಬಿಟ್ಟೆ. ಈಗಿನ ಔಷಧದ ಖರ್ಚು ತಿಂಗಳಿಗೆ 200 ರೂಪಾಯಿ ದಾಟುವುದಿಲ್ಲ.