ನವಿಲು ಗಿಡದ ಎಲೆಯಂಚು ಕರಕಲಾದದ್ದು ನೀರಿನಿಂದ

ಮೂರು ವರ್ಷದ ಹಿಂದೆ ಜುಲೈನಲ್ಲಿ ಕಲೇಥಿಯಾ ಮಕೋಯಾನಾ ನಮ್ಮ ಮನೆಗೆ ಬಂತು. ನರ್ಸರಿಯವರು ಪೀಕಾಕ್ ಪ್ಲಾಂಟ್ ಅಂದರು, ಮನೆಯಲ್ಲಿ ಅದು ನವಿಲು ಗಿಡವಾಯಿತು. ತೆಳುಹಸಿರು ಎಲೆಯ ಮೇಲೆ ಕುಂಚದಲ್ಲಿ ಬರೆದಂತೆ ಕಡುಹಸಿರು ಗುರುತುಗಳು. ಎಲೆ ಮಗುಚಿದರೆ ಅದೇ ಚಿತ್ತಾರ ನೇರಳೆಗೆಂಪಿನಲ್ಲಿ. ಸಂಜೆ ಆರೂವರೆ ಹೊತ್ತಿಗೆ ಎಲೆಗಳೆಲ್ಲ ಮೇಲಕ್ಕೆದ್ದು ಕೈಮುಗಿದ ಹಾಗೆ ನಿಲ್ಲುತ್ತವೆ. ರಸ್ತೆ ಬದಿಯ ಮಳೆಮರ, ಊರಿನ ಹುಣಸೆ ಮರ ಸಂಜೆಗೆ ಎಲೆ ಮಡಚುತ್ತವಲ್ಲ, ಇದೂ ಅದೇ ರೀತಿ. ತೊಟ್ಟು ಎಲೆಗೆ ಸೇರುವಲ್ಲಿ ಸಣ್ಣದೊಂದು ಉಬ್ಬಿದ ಗೆಣ್ಣಿದೆ. ಅದರ ಒಂದು ಬದಿಯ ಕೋಶಗಳಿಂದ ನೀರು ಸರಿದು ಇನ್ನೊಂದು ಬದಿ ಬಿಗಿದಾಗ ಎಲೆ ಏಳುತ್ತದೆ.

ಎರಡು ತಿಂಗಳು ಚೆನ್ನಾಗಿತ್ತು. ಸೆಪ್ಟೆಂಬರ್‌ನಲ್ಲಿ ಎಲೆಯಂಚು ಕಂದತೊಡಗಿತು. ಮೊದಲು ತುದಿಯಲ್ಲಿ ಸಾಸಿವೆಯಷ್ಟು ಕಂದು, ಆಮೇಲೆ ಅಂಚಿನುದ್ದಕ್ಕೂ ಕಾಗದ ಸುಟ್ಟಂಥ ಗೆರೆ, ಅದರೊಳಗೆ ಹಳದಿ ಪಟ್ಟಿ. ನೀರು ಸಾಲದೇನೋ ಎಂದು ಹೆಚ್ಚು ಹಾಕಿದೆ. ಹೆಚ್ಚಾಯಿತೇನೋ ಎಂದು ಕಡಿಮೆ ಮಾಡಿದೆ. ಗಾಳಿ ಒಣಗಿದೆ ಅಂತ ದಿನಕ್ಕೆ ನಾಲ್ಕು ಸಲ ಸ್ಪ್ರೇ ಮಾಡಿದೆ. ಸ್ಪ್ರೇ ಮಾಡಿದ ತೇವ ಕೆಲವೇ ನಿಮಿಷದಲ್ಲಿ ಆರಿ ಹೋಗುತ್ತದೆ, ಗಿಡಕ್ಕೆ ಅದರಿಂದ ಏನೂ ದಕ್ಕುವುದಿಲ್ಲ. ಈಗ ಅದನ್ನು ಪೂರ್ತಿ ಬಿಟ್ಟಿದ್ದೇನೆ.

ಸುಳಿವು ಸಿಕ್ಕಿದ್ದು ಅಜ್ಜಿಮನೆಯಲ್ಲಿ, ಸಾಗರದ ಕಡೆ. ಅಲ್ಲಿ ಅಡಿಕೆ ತೋಟದ ಅಂಚಿನಲ್ಲಿ ಕೂವೆಗಡ್ಡೆ ಬೆಳೆಯುತ್ತದೆ. ಹೊಟ್ಟೆ ಕೆಟ್ಟಾಗ ಅಜ್ಜಿ ಕೂವೆಹಿಟ್ಟಿನ ಮಣ್ಣಿ ಮಾಡಿಕೊಡುತ್ತಿದ್ದರು. ಅಂಗಡಿಯವರು ಆರಾರೂಟ್ ಎನ್ನುವ ಆ ಕೂವೆಯೂ ನನ್ನ ನವಿಲು ಗಿಡವೂ ಮರಾಂಟೇಸಿ ಎಂಬ ಒಂದೇ ಕುಟುಂಬದವು. ತೋಟದ ಕೂವೆಯ ಎಲೆಯಲ್ಲಿ ಒಂದು ಕಂದು ಗೆರೆಯೂ ಇರಲಿಲ್ಲ. ಮರದ ನೆರಳು, ತರಗೆಲೆ ಕೊಳೆತ ಸಡಿಲ ಮಣ್ಣು, ಮಳೆ ನೀರು. ನನ್ನ ಗಿಡದ ತವರು ಬ್ರೆಜಿಲ್‌ನ ಪೂರ್ವ ಕರಾವಳಿಯ ಎಸ್ಪಿರಿಟೊ ಸ್ಯಾಂಟೊ, ಅದೂ ಮಳೆಕಾಡೇ. ನಾನು ಕೊಡುತ್ತಿದ್ದದ್ದು ಯಾವ ನೀರು?

ಇಲ್ಲೇ ನನ್ನ ತಪ್ಪಿತ್ತು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮಾಡುವಂತೆ ಕುಡಿಯುವ ನೀರು ಶುದ್ಧ ಮಾಡುವ ಆರ್‌ಓ ಯಂತ್ರ ಹೊರಹಾಕುವ ನೀರನ್ನು ಬಕೆಟ್‌ನಲ್ಲಿ ಹಿಡಿದು ಗಿಡಗಳಿಗೆ ಹಾಕುತ್ತಿದ್ದೆ. ನೀರು ಪೋಲಾಗಬಾರದೆಂಬ ಕಾಳಜಿ ಸರಿಯೇ. ಆದರೆ ಯಂತ್ರ ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಆ ಬಕೆಟ್‌ನಲ್ಲೇ ಇರುತ್ತದೆ. ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರ್ ತಂದು ಅಳೆದೆ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ನಮ್ಮ ಕೊಳವೆಬಾವಿ ನೀರು 740, ಆರ್‌ಓ ಹೊರಹಾಕಿದ್ದು 1,180, ಕುಡಿಯುವ ನೀರು 65, ಟೆರೇಸಿನಲ್ಲಿ ಹಿಡಿದ ಮಳೆ ನೀರು 20. ಕುಂಡದ ಮಣ್ಣಿನ ಮೇಲೆ, ತಳದ ತೂತಿನ ಸುತ್ತ ಬಿಳಿ ಪೊರೆ ಕಟ್ಟಿತ್ತು. ಬೆರಳಲ್ಲಿ ಉಜ್ಜಿದರೆ ಸುಣ್ಣದ ಹಾಗೆ ಉದುರಿತು. ಬೇರು ಹೀರಿದ ನೀರು ಎಲೆಯಿಂದ ಆವಿಯಾಗುತ್ತದೆ, ಉಪ್ಪು ಅಂಚಿನಲ್ಲೇ ಉಳಿಯುತ್ತದೆ. ಅಲ್ಲೇ ಮೊದಲು ಸುಡುತ್ತದೆ. ಮನಿಪ್ಲಾಂಟ್ ಇದನ್ನು ತಡೆದುಕೊಂಡೀತು, ನವಿಲು ಗಿಡ ತಡೆಯದು.

ಅದೇ ವಾರ ಕುಂಡವನ್ನು ಬಚ್ಚಲಿಗೆ ಒಯ್ದು, ಮೂರು ಕುಂಡ ತುಂಬುವಷ್ಟು ಮಳೆ ನೀರನ್ನು ನಿಧಾನವಾಗಿ ಸುರಿದು ತಳದಿಂದ ಹರಿಸಿದೆ. ಮೊದಲು ಇಳಿದ ನೀರು ಟೀ ಬಣ್ಣದ್ದಿತ್ತು. ಹದಿನೈದು ದಿನ ಬಿಟ್ಟು ಹೊಸ ಮಿಶ್ರಣಕ್ಕೆ ಬದಲಿಸಿದೆ. ಎರಡು ಪಾಲು ಕೋಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿ, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ಪರ್ಲೈಟ್ ಎಂಬ ಹಗುರ ಬಿಳಿ ಕಲ್ಲುಚೂರು, ಒಂದು ಹಿಡಿ ಇದ್ದಿಲ ಚೂರು. ಕೋಕೋಪೀಟ್ ಇಟ್ಟಿಗೆಯಲ್ಲೂ ಉಪ್ಪಿರುತ್ತದೆ, ಮೂರು ಸಲ ನೆನೆಸಿ ಹಿಂಡಿ ತೊಳೆಯದೆ ಬಳಸಬೇಡಿ. ನೀರು ಹಾಕುವುದಕ್ಕೆ ವಾರದ ಲೆಕ್ಕ ಇಟ್ಟುಕೊಂಡಿಲ್ಲ. ಬೆರಳಿನ ಒಂದು ಗೆಣ್ಣು ಇಳಿಸಿ ನೋಡುತ್ತೇನೆ, ಒಣಗಿದ್ದರೆ ಹಾಕುತ್ತೇನೆ.

ಕರಕಲಾದ ಅಂಚು ಮತ್ತೆ ಹಸಿರಾಗುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಸರಿಯಾದ ಆರೈಕೆಯನ್ನೇ ಮಧ್ಯದಲ್ಲಿ ಬದಲಿಸುತ್ತಾರೆ. ಹೊಸ ಎಲೆ ನೋಡಬೇಕು. ನಮ್ಮದರಲ್ಲಿ ನವೆಂಬರ್‌ನಲ್ಲಿ ಬೀಡಿಯಷ್ಟು ತೆಳುವಾದ ಸುರುಳಿ ಮೇಲೆದ್ದಿತು. ಆರು ದಿನ ಹಾಗೇ ನಿಂತು, ಏಳನೆಯ ಬೆಳಿಗ್ಗೆ ಬಿಚ್ಚಿತು. ಅಂಚಿನಲ್ಲಿ ಒಂದು ಕಲೆಯೂ ಇರಲಿಲ್ಲ. ಅಂದು ಆಫೀಸಿಗೆ ತಡವಾಗಿ ಹೋದೆ.

ಬೆಳಕಿನ ಬಗ್ಗೆ ಒಂದು ಮಾತು. ಉತ್ತರದ ಕಿಟಕಿಗೆ ವರ್ಷವಿಡೀ ನೇರ ಬಿಸಿಲು ಬೀಳದು ಎಂಬ ಸಲಹೆ ಬೆಂಗಳೂರಿಗೆ ಸರಿಯಲ್ಲ. ಇಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ, ಹಿಂದಿರುಗುವುದು ಆಗಸ್ಟ್ 18ರ ಹೊತ್ತಿಗೆ. ಮೇ ತಿಂಗಳ ಬೆಳಗಿನ ಓರೆ ಬಿಸಿಲು ಉತ್ತರದ ಕಿಟಕಿಯಿಂದ ಬಂದು ನಮ್ಮ ಗಿಡದ ಎರಡು ಎಲೆಗಳನ್ನು ಬಿಳಿಚಿಸಿತು. ಈಗ ಆ ತಿಂಗಳುಗಳಲ್ಲಿ ಬಿಳಿ ಪಂಚೆಯ ಪರದೆ ಇಳಿಬಿಡುತ್ತೇನೆ.

ಮಾರ್ಚ್‌ನ ಒಣಹವೆಯಲ್ಲಿ ನುಸಿ ಬರುತ್ತದೆ. ಎಲೆಯ ಬೆನ್ನಿನಲ್ಲಿ ಹಿಟ್ಟು ಚೆಲ್ಲಿದಂತೆ, ತೊಟ್ಟಿನ ಸಂದಿಯಲ್ಲಿ ಸಣ್ಣ ಬಲೆ. ಬಚ್ಚಲಲ್ಲಿ ಎಲೆಯ ಬೆನ್ನಿಗೆ ನೀರು ರಭಸವಾಗಿ ಬಿಟ್ಟು ತೊಳೆದು, ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆಯನ್ನು ಅಂಟುವಾಳದ ನೊರೆಯಲ್ಲಿ ಕದಡಿ ಸಂಜೆ ಸಿಂಪಡಿಸುತ್ತೇನೆ. ವಾರಕ್ಕೊಮ್ಮೆಯಂತೆ ಮೂರು ಸಲ.

ಮಳೆಗಾಲದಲ್ಲಿ ಮೊದಲ ಮಳೆ ಹರಿಯಬಿಟ್ಟು, ಆಮೇಲಿನದನ್ನು 20 ಲೀಟರಿನ ನಾಲ್ಕು ಕ್ಯಾನುಗಳಲ್ಲಿ ತುಂಬಿ ಕತ್ತಲಲ್ಲಿ ಮುಚ್ಚಿಡುತ್ತೇನೆ. ಫೆಬ್ರವರಿವರೆಗೆ ಬರುತ್ತದೆ. ಮುಗಿದ ಮೇಲೆ, ಮಣ್ಣು ಒಣಗಿದಾಗಲೆಲ್ಲ ಒಂದು ಲೋಟ ಕುಡಿಯುವ ನೀರು ಗಿಡದ ಪಾಲಿಗೆ. ಆರ್‌ಓ ಹೊರಹಾಕುವ ನೀರಲ್ಲಿ ಈಗ ನೆಲ ಒರೆಸುತ್ತೇವೆ.